ಮೀಟರ್ ಎಪ್ಪತ್ತೈದು, ಕಿವಿ ಎಂಬತ್ತಮೂರು

ಕಲಾವತಿ ಗೋವಿಂದರಾಜನಗರದ ಆ ಮನೆಗೆ ಮೊದಲ ಸಲ ಹೋಗಿದ್ದು ಏಪ್ರಿಲ್ ಎರಡನೇ ವಾರ. ಮನೆಯ ಯಜಮಾನ ಭೈರೇಶ್ ಅವರಿಗೆ ಮಾಗಡಿ ರಸ್ತೆಯಲ್ಲಿ ಟೈಲ್ಸ್ ಅಂಗಡಿ. ಮೊದಲ ಮಹಡಿಯಲ್ಲಿ ಒಂದು ರೂಮಿನ ಗೋಡೆ ಒಡೆಸಿ, ಹದಿನೆಂಟು ಅಡಿ ಉದ್ದ ಹನ್ನೆರಡು ಅಡಿ ಅಗಲದ ಹಾಲ್ ಮಾಡಿಸಿ, ಅದರಲ್ಲಿ ಹೋಂ ಥಿಯೇಟರ್ ಹಾಕಿಸಿದ್ದರು. ಮಾರಿದ ಅಂಗಡಿಯವರು ಸ್ಪೀಕರ್‌ಗಳನ್ನು ಜೋಡಿಸಿ, ವೈರ್ ಎಳೆದು ಹೋಗಿದ್ದರು. ಆದರೆ ಸಿನಿಮಾ ಹಾಕಿದರೆ ಮಾತು ಒಂದು ಕಡೆ, ಗುಡುಗು ಇನ್ನೊಂದು ಕಡೆ. ಯಾರೋ ಕಲಾವತಿಯವರ ನಂಬರ್ ಕೊಟ್ಟರು.

ಅವರು ಬಂದವರೇ ಸಬ್‌ವೂಫರನ್ನು, ಅಂದರೆ ಬೇಸ್ ಶಬ್ದಕ್ಕೆಂದೇ ಇರುವ ಹದಿನೆಂಟು ಕೆ.ಜಿ. ತೂಕದ ಪೆಟ್ಟಿಗೆಯನ್ನು, ಭೈರೇಶ್ ಕೈಯಲ್ಲೇ ಎತ್ತಿಸಿ ಸೋಫಾದ ಮೇಲೆ ಇಡಿಸಿದರು. ಭೈರೇಶ್ ದಿನವೂ ಕೂರುವ ಜಾಗ ಅದು. ಆಮೇಲೆ ಅದರಿಂದ ಒಂದು ತಗ್ಗು ಸ್ವರ ಹೊರಡಿಸಿ, ವೇಲನ್ನು ಸೊಂಟಕ್ಕೆ ಬಿಗಿದುಕೊಂಡು, ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯಂಚಿನಲ್ಲೇ ಹಾಲನ್ನು ಸುತ್ತತೊಡಗಿದರು.

ಅಡುಗೆಮನೆಯ ಬಾಗಿಲಲ್ಲಿ ಭೈರೇಶ್ ಅವರ ತಾಯಿ ಲಕ್ಷ್ಮಿದೇವಮ್ಮ ನಿಂತು ನೋಡುತ್ತಿದ್ದರು. ಎಪ್ಪತ್ತೆರಡು ವರ್ಷದ ಹೆಂಗಸು.

"ಏನ್ ಕಳ್ಕೊಂಡ್ಯಮ್ಮ?"

"ಏನೂ ಕಳ್ಕೊಂಡಿಲ್ಲ ಅಮ್ಮ. ಶಬ್ದ ಎಲ್ಲಿ ಸಮವಾಗಿ ಬರುತ್ತೆ ಅಂತ ನೋಡ್ತಾ ಇದೀನಿ. ಎಲ್ಲಿ ಸರಿಯಾಗಿ ಕೇಳುತ್ತೋ ಅಲ್ಲೇ ಡಬ್ಬ ಇಟ್ರೆ, ಸೋಫಾಗೆ ಅದೇ ಥರ ಕೇಳುತ್ತೆ."

"ಡಬ್ಬ ಸೋಫಾ ಮೇಲೆ, ಮನುಷ್ಯರು ನೆಲದ ಮೇಲೆ. ಚೆನ್ನಾಗಿದೆ ಕಣಪ್ಪ ಭೈರೇಶ, ನಿನ್ನ ಥಿಯೇಟ್ರು."

"ಅದು ಸೈನ್ಸ್ ಅಮ್ಮ, ಸುಮ್ನಿರು."

ಅದು ನಿಜಕ್ಕೂ ವಿಜ್ಞಾನವೇ. ನಲವತ್ತು ಹರ್ಟ್ಸ್‌ನ ಸ್ವರದ ಒಂದು ಅಲೆ ಎಂಟೂವರೆ ಮೀಟರ್ ಉದ್ದ. ಆ ಹಾಲ್ ಉದ್ದ ಐದೂವರೆ ಮೀಟರ್. ಕೋಣೆಗಿಂತ ದೊಡ್ಡದಾದ ಅಲೆ ಗೋಡೆಗೆ ಬಡಿದು ಹಿಂತಿರುಗಿ, ಒಂದೆಡೆ ತನ್ನನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ, ಇನ್ನೊಂದೆಡೆ ಅಳಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ಪೆಟ್ಟಿಗೆ ಒಂದು ಕುರ್ಚಿಗೆ ಗುಡುಗು, ಪಕ್ಕದ ಕುರ್ಚಿಗೆ ಪಿಸುಮಾತು.

ಕಲಾವತಿಯವರಿಗೆ ಈಗ ನಲವತ್ತಾರು. ಮನೆ ಲಗ್ಗೆರೆಯಲ್ಲಿ. ರಾಜಾಜಿನಗರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಪೀಣ್ಯದ ಒಂದು ಸ್ಪೀಕರ್ ಕಾರ್ಖಾನೆಯ ಪರೀಕ್ಷಾ ಕೊಠಡಿ ಸೇರಿದಾಗ ಇಪ್ಪತ್ತೆರಡು. ಹದಿಮೂರು ವರ್ಷ ಅಲ್ಲಿ ಕೂತು ಸ್ಪೀಕರ್ ಕೇಳಿದರು. ತಗ್ಗಿನಿಂದ ಏರುತ್ತಾ ಹೋಗುವ ಸ್ವರ ಕೊಡಬೇಕು, ನಡುವೆ ಎಲ್ಲಾದರೂ ಗರಗರ ಅಂದರೆ ಆ ಸ್ಪೀಕರ್ ಪಕ್ಕಕ್ಕೆ. ಯಂತ್ರ ಪಾಸು ಮಾಡಿದ್ದರಲ್ಲೂ ಕಲಾವತಿ ದೋಷ ಹಿಡಿಯುತ್ತಾರೆ ಎಂದು ಅಲ್ಲಿ ಹೇಳುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಅವರು ಒಂದು ಶಬ್ದದ ಮೀಟರ್, ಒಂದು ಅಳತೆ ಟೇಪು, ಒಂದು ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಸ್ಕೂಟರಿನಲ್ಲಿ ಮನೆಮನೆಗೆ ಹೋಗತೊಡಗಿದರು. ವಿಜಯನಗರ, ಬಸವೇಶ್ವರನಗರ, ಕೆಂಗೇರಿ. ಹನ್ನೊಂದು ವರ್ಷವಾಯಿತು. ಜಾಹೀರಾತು ಕೊಟ್ಟವರಲ್ಲ. ಒಬ್ಬರ ಮನೆಯಲ್ಲಿ ಕೇಳಿದ ಇನ್ನೊಬ್ಬರು ಕರೆಯುತ್ತಾರೆ, ಅಷ್ಟೆ.

ಸಬ್‌ವೂಫರ್‌ನ ಹಿಂದೆ ಸಾಮಾನ್ಯವಾಗಿ ಮೂರು ಸೆಟ್ಟಿಂಗ್ ಇರುತ್ತವೆ. ಕ್ರಾಸ್‌ಓವರ್ ಎಂಬುದು ಗಡಿಗೆರೆ: ಇದರ ಕೆಳಗಿನ ಸ್ವರ ವೂಫರ್‌ಗೆ, ಮೇಲಿನದು ಉಳಿದ ಸ್ಪೀಕರ್‌ಗಳಿಗೆ. ಕಲಾವತಿ ಅದನ್ನು ಬಹುತೇಕ ಎಂಬತ್ತು ಹರ್ಟ್ಸ್‌ಗೆ ಇಡುತ್ತಾರೆ. ಅದಕ್ಕಿಂತ ಮೇಲೆ ಬಿಟ್ಟರೆ ಗಂಡಸರ ದನಿಯೂ ಮೂಲೆಯ ಡಬ್ಬದಿಂದ ಬಂದ ಹಾಗಾಗುತ್ತದೆ. ಎರಡನೆಯದು ಫೇಸ್ ಸ್ವಿಚ್. ವೂಫರ್ ಮತ್ತು ಮುಂದಿನ ಸ್ಪೀಕರ್‌ಗಳು ಹೆಜ್ಜೆ ಹೊಂದಿಸಿ ನಡೆಯುತ್ತಿವೆಯೋ ಎದುರುಬದುರು ತಳ್ಳಾಡುತ್ತಿವೆಯೋ ಎಂದು ನೋಡಿ, ಎರಡು ಕಡೆಗೂ ಒತ್ತಿ, ತುಂಬಿ ಕೇಳುವ ಕಡೆಗೆ ಬಿಡುವುದು. ಮೂರನೆಯದು ಗೇನ್, ಅಂದರೆ ಬೇಸ್ ಎಷ್ಟು ಜೋರು ಎಂಬುದು. ಜಗಳವೆಲ್ಲ ಆಗುವುದು ಈ ಮೂರನೆಯದರಲ್ಲಿ.

ಗೇನ್ ಹಿಡಿಯಲು ಅವರದೊಂದು ಪದ್ಧತಿ ಇತ್ತು. ಮೊದಲು ಮೀಟರನ್ನು ಕೂರುವ ಜಾಗದಲ್ಲಿಟ್ಟು, ಎಲ್ಲ ಸ್ಪೀಕರ್‌ಗಳನ್ನೂ ವೂಫರನ್ನೂ ಎಪ್ಪತ್ತೈದು ಡೆಸಿಬೆಲ್‌ಗೆ ಸಮ ಮಾಡುವುದು. ಆಮೇಲೆ ಮೀಟರ್ ಮುಚ್ಚಿಟ್ಟು, ತಮಗೆ ಚೆನ್ನಾಗಿ ಗೊತ್ತಿರುವ ಒಂದು ತಬಲಾ ತುಣುಕು ಹಾಕಿ, ಗುಂಡಿಯನ್ನು ಕಿವಿ ಹೇಳಿದಷ್ಟು ತಿರುಗಿಸುವುದು. ಮೀಟರ್ ಒಂದು ಕುರ್ಚಿಯ ಲೆಕ್ಕ ಹೇಳುತ್ತದೆ, ಮನೆಯಲ್ಲಿ ನಾಲ್ಕು ಜನ ಕೂರುತ್ತಾರೆ ಎಂಬುದು ಅವರ ವಾದ. ಕಿವಿ ತೃಪ್ತಿಯಾದ ಮೇಲೆ ಮತ್ತೆ ಅಳೆದು, ನೋಟ್‌ಬುಕ್ಕಿನಲ್ಲಿ ಎರಡೂ ಅಂಕಿ ಬರೆಯುವುದು. ಒಂದು ಸಾಲಿನ ಮೇಲೆ 'ಮೀಟರ್', ಇನ್ನೊಂದರ ಮೇಲೆ 'ಕಿವಿ'. ಈ ಬರಹದಲ್ಲಿ ಬರುವ ಡೆಸಿಬೆಲ್ ಅಂಕಿಗಳೆಲ್ಲ ಆ ನೋಟ್‌ಬುಕ್ಕಿನವೇ. ಜನ ಕರೆಯುತ್ತಿದ್ದುದು ಎರಡನೆಯ ಸಾಲಿಗಾಗಿ. ಮೀಟರ್ ಯಾರ ಹತ್ತಿರವಾದರೂ ಇರುತ್ತದೆ.

ಭೈರೇಶ್ ಮನೆಯಲ್ಲಿ ಅಂಬೆಗಾಲಿಟ್ಟು ನೋಡಿದಾಗ ಎಲ್ಲಕ್ಕಿಂತ ಚೆನ್ನಾಗಿ ಕೇಳಿದ ಜಾಗ ಈಶಾನ್ಯದ ಕಡೆಯ ಕಿಟಕಿ ಪಕ್ಕ. ಎರಡನೆಯದು ನೈಋತ್ಯ ಮೂಲೆ. ಕಿಟಕಿ ಪಕ್ಕ ಎಂದ ಕೂಡಲೇ ಲಕ್ಷ್ಮಿದೇವಮ್ಮ ಒಳಗೆ ಬಂದರು.

"ಈಶಾನ್ಯದಲ್ಲಿ ಭಾರ ಇಡ್ತಾರೇನಮ್ಮ? ಭಾರದ್ದೆಲ್ಲ ನೈಋತ್ಯದಲ್ಲಿ. ಹಳೇ ಮನೇಲಿ ರಾಗಿ ವಾಡೆ ಅಲ್ಲೇ ಇತ್ತು, ಬೀಸೋ ಕಲ್ಲು ಅಲ್ಲೇ ಇತ್ತು. ನಮ್ಮ ಯಜಮಾನ್ರು ಈ ಮನೆ ಕಟ್ಟಿಸಿದಾಗ ಬೀರು ಅಲ್ಲೇ ಇಡ್ಸಿದ್ರು."

ಕಲಾವತಿ ವಾದಕ್ಕಿಳಿಯಲಿಲ್ಲ. ಮೂಲೆಯಲ್ಲಿಟ್ಟರೆ ಎರಡು ಗೋಡೆ, ಒಂದು ನೆಲ ಸೇರಿ ಬೇಸನ್ನು ಹಿಗ್ಗಿಸುತ್ತವೆ. ಗೇನ್ ಇಳಿಸಿದರೆ ಆಯಿತು. ನೈಋತ್ಯದಲ್ಲೇ ಇಟ್ಟು ಸೆಟ್ ಮಾಡಿದರು. ಮೀಟರ್ ಎಪ್ಪತ್ತೈದು. ಕಿವಿ ಎಂಬತ್ತಮೂರು.

ಎಂಟು ಡೆಸಿಬೆಲ್ ವ್ಯತ್ಯಾಸ ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಹೊಸ ಹಾಲ್, ದಪ್ಪ ಪರದೆ, ದೊಡ್ಡ ಸೋಫಾ, ಎಲ್ಲ ಸೇರಿ ಬೇಸ್ ನುಂಗುತ್ತಿರಬೇಕು ಎಂದುಕೊಂಡರು. ಭೈರೇಶ್‌ಗೆ ಸಂತೋಷವಾಯಿತು. ಕೆಂಗೇರಿಯಲ್ಲಿ ಮನೆ ಕಟ್ಟಿಸುತ್ತಿದ್ದ ಭಾವಮೈದುನನಿಗೂ ಇವರನ್ನೇ ಹೇಳುತ್ತೇನೆ ಎಂದರು. ಲಕ್ಷ್ಮಿದೇವಮ್ಮ ಕರಿಬೇವು, ಉಪ್ಪು ಹಾಕಿದ ಮಜ್ಜಿಗೆ ಕೊಟ್ಟು ಕಳಿಸಿದರು.

ಜೂನ್‌ನಲ್ಲಿ ಭೈರೇಶ್ ಫೋನ್ ಮಾಡಿದರು.

"ಮೇಡಂ, ಕೆಳಗಿನ ಬಾಡಿಗೆಯವರು ಮನೆ ಖಾಲಿ ಮಾಡ್ತೀವಿ ಅಂತಿದಾರೆ. ನಾನು ಮಧ್ಯಾಹ್ನ ಊಟಕ್ಕೆ ಬಂದಾಗ ಹಾಕೋದು, ವಾಲ್ಯೂಮ್ ಜಾಸ್ತಿ ಇಡೋದೇ ಇಲ್ಲ. ಆದ್ರೂ ಗುಮ್ ಅನ್ನುತ್ತಂತೆ. ಒಳ್ಳೇ ಜನ ಮೇಡಂ, ಕಳ್ಕೊಳೋಕೆ ಇಷ್ಟ ಇಲ್ಲ."

ಕೆಳಗಿನ ಮನೆಯಲ್ಲಿದ್ದವರು ಕೊಟ್ರಪ್ಪ ಮತ್ತು ಭಾಗವ್ವ. ಬಳ್ಳಾರಿ ಕಡೆಯವರು, ಬಂದು ಎರಡು ವರ್ಷವಾಗಿತ್ತು. ಕೊಟ್ರಪ್ಪನಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ; ಹಗಲು ಹನ್ನೊಂದರಿಂದ ಐದರವರೆಗೆ ನಿದ್ದೆ. ಅವನು ಮಲಗುವ ಕೋಣೆ ಆ ನೈಋತ್ಯ ಮೂಲೆಯ ನೇರ ಕೆಳಗೆ. ಕಲಾವತಿ ಮೊದಲು ಅಲ್ಲಿಗೇ ಹೋದರು.

"ಕಿವಿಗೆ ಅಷ್ಟು ಕೇಳಂಗಿಲ್ರಿ ಅಕ್ಕಾರ," ಎಂದಳು ಭಾಗವ್ವ. "ಎದಿಗೆ ಹೊಡೀತೈತ್ರಿ. ಸ್ಟ್ಯಾಂಡಿನ್ಯಾಗಿನ ತಾಟು ನಡಗ್ತಾವ. ನಮ್ಮನಿಯವ್ರು ಮಲಗಿದ್ದಾಗ ಎದ್ದು ಕೂಡ್ತಾರ. ಮಿಷನ್ ಮುಂದ ಕೆಲಸ ರೀ ಅವರದ್ದು, ನಿದ್ದಿ ಇಲ್ಲಂದ್ರ ಹೆಂಗ್ರಿ?"

ಕಲಾವತಿ ಮೇಲೆ ಹೋಗಿ ಹಾಲ್ ಮಧ್ಯೆ ನಿಂತರು. ವೂಫರ್ ಆ ಮೂಲೆಯಲ್ಲಿದೆ, ಕೊಟ್ರಪ್ಪ ಅದರ ಕೆಳಗಿದ್ದಾನೆ. ಮೂಲೆ ಬೇಸನ್ನು ಹಿಗ್ಗಿಸುತ್ತದೆ. ಉತ್ತರ ಎದುರಿಗೇ ಇತ್ತು.

"ಮೂಲೆಯಿಂದ ತೆಗೀಬೇಕು," ಎಂದರು.

ಲಕ್ಷ್ಮಿದೇವಮ್ಮ ಒಪ್ಪಲಿಲ್ಲ. ಭೈರೇಶ್ ಸಮಾಧಾನ ಹೇಳಿದರು, ಆಮೇಲೆ ದನಿ ಏರಿಸಿದರು. ಕಲಾವತಿ ನೋಟ್‌ಬುಕ್ಕಿನಲ್ಲಿ ಕೋಣೆಯ ಚಿತ್ರ ಬರೆದು, ಅಲೆ ಹೇಗೆ ಮೂಲೆಯಲ್ಲಿ ರಾಶಿಯಾಗುತ್ತದೆ ಎಂದು ಗೆರೆ ಎಳೆದು ತೋರಿಸಿದರು.

"ಅಮ್ಮ, ಇದು ನಂಬಿಕೆ ಪ್ರಶ್ನೆ ಅಲ್ಲ. ಲೆಕ್ಕ. ಡಬ್ಬ ಇಲ್ಲಿರೋದಕ್ಕೇ ಕೆಳಗಿನವರು ನಿದ್ದೆಗೆಡ್ತಾ ಇದಾರೆ."

ಕೆಳಗಿನವರ ನಿದ್ದೆ ಎಂದ ಮೇಲೆ ಮುದುಕಿ ಏನು ಹೇಳಿಯಾರು? ಅವರು ಎದ್ದು ಒಳಗೆ ಹೋದರು. ವೂಫರ್ ಈಶಾನ್ಯದ ಕಿಟಕಿ ಪಕ್ಕಕ್ಕೆ ಬಂತು. ಕಲಾವತಿ ಮೊದಲಿನಿಂದ ಸೆಟ್ ಮಾಡಿದರು. ಮೀಟರ್ ಎಪ್ಪತ್ತೈದು, ಕಿವಿ ಎಂಬತ್ತೆರಡು. ಮೂಲೆಯ ಆಸರೆ ತಪ್ಪಿತಲ್ಲ, ಅದಕ್ಕೇ ಸ್ವಲ್ಪ ಹೆಚ್ಚು ಬೇಕಾಗುತ್ತಿದೆ ಎಂದು ಈ ಸಲವೂ ಅವರಿಗೊಂದು ಕಾರಣ ಸಿಕ್ಕಿತು.

ಹತ್ತು ದಿನಕ್ಕೆ ಮತ್ತೆ ಫೋನ್.

"ಏನೂ ವ್ಯತ್ಯಾಸ ಇಲ್ವಂತೆ ಮೇಡಂ. ಕೊಟ್ರಪ್ಪ ಬಾಪೂಜಿನಗರದಲ್ಲಿ ಮನೆ ನೋಡ್ಕೊಂಡು ಬಂದಿದಾನೆ. ಇನ್ನೊಂದು ವಿಷ್ಯ." ಭೈರೇಶ್ ದನಿ ತಗ್ಗಿಸಿದರು. "ಅಮ್ಮ ಹಾಲ್‌ಗೇ ಬರ್ತಿಲ್ಲ. ಊಟ, ಟೀವಿ, ಎಲ್ಲ ಬಿಟ್ಟು ಅಡುಗೆಮನೇಲಿ ಮಣೆ ಹಾಕ್ಕೊಂಡು ಕೂತಿರ್ತಾರೆ. ಕೇಳಿದ್ರೆ, ನಂಗೆ ಅಲ್ಲಿ ಕೂರೋಕಾಗಲ್ಲ ಕಣೋ ಅಂತಾರೆ."

ಅವತ್ತು ಮಧ್ಯಾಹ್ನ ಕಲಾವತಿ ಲಗ್ಗೆರೆಯ ಮನೆಯಲ್ಲಿ ನೋಟ್‌ಬುಕ್ ತೆರೆದು ಕೂತರು. ಮೂಲೆಯಲ್ಲೂ ಅದೇ ದೂರು, ಕಿಟಕಿ ಪಕ್ಕದಲ್ಲೂ ಅದೇ ದೂರು. ಹಾಗಾದರೆ ಮೂಲೆ ಕಾರಣವಲ್ಲ. ಎರಡೂ ಸಲ ಬದಲಾಗದೆ ಉಳಿದದ್ದು ಯಾವುದು? ಕಾರ್ಖಾನೆಯಲ್ಲಿ ದೋಷ ಹುಡುಕುವಾಗ ಹೀಗೇ ಯೋಚಿಸುತ್ತಿದ್ದರು. ಪೆನ್ಸಿಲ್ ತೆಗೆದುಕೊಂಡು ಹಿಂದಿನ ಪುಟಗಳಿಗೆ ಹೋಗಿ, 'ಕಿವಿ'ಯಲ್ಲಿ 'ಮೀಟರ್' ಕಳೆದು, ಬಂದ ಅಂಕಿಯನ್ನು ಅಂಚಿನಲ್ಲಿ ಬರೆಯುತ್ತಾ ಬಂದರು. ಹತ್ತು ವರ್ಷದ ಪುಟಗಳಲ್ಲಿ ಒಂದು, ಸೊನ್ನೆ, ಎರಡು, ಒಂದು, ಒಂದು. ಕಳೆದ ಆಗಸ್ಟ್‌ನಲ್ಲಿ ಮೂರು. ದೀಪಾವಳಿಗೆ ಮುಂಚೆ ನಾಲ್ಕು. ಆಮೇಲೆ ಎರಡು, ಐದು, ಐದು, ಮೂರು, ಏಳು. ಏಪ್ರಿಲ್‌ನಲ್ಲಿ ಎಂಟು. ಪ್ರತಿ ಮನೆಗೂ ಅವರ ಮನಸ್ಸಿನಲ್ಲಿ ಒಂದೊಂದು ಕಾರಣವಿತ್ತು: ಇಲ್ಲಿ ಪರದೆ, ಅಲ್ಲಿ ಫಾಲ್ಸ್ ಸೀಲಿಂಗ್, ಮತ್ತೊಂದು ಕಡೆ ಮರದ ನೆಲ. ಎಲ್ಲ ಮನೆಗಳಲ್ಲೂ ಇದ್ದದ್ದು ತಾವೊಬ್ಬರೇ.

ಪೆನ್ಸಿಲ್ ಕೆಳಗಿಟ್ಟರು. ಎಡಗಿವಿಯಲ್ಲಿ ಹತ್ತಿ ತುರುಕಿದ ಹಾಗಿರುವುದು ಹೆಲ್ಮೆಟ್‌ನಿಂದ ಎಂದುಕೊಂಡಿದ್ದರು. ಬಸವೇಶ್ವರನಗರದ ಒಂದು ಮನೆಯಲ್ಲಿ ನೆಲದಿಂದ ಎದ್ದಾಗ ಕೋಣೆ ತಿರುಗಿದ್ದು ಖಾಲಿ ಹೊಟ್ಟೆಯಿಂದ. ಫ್ರಿಜ್ ರಿಪೇರಿ ಮಾಡಿದವನಿಗೆ, ಈಗ ಸದ್ದೇ ಇಲ್ಲಪ್ಪ, ಎಂಥ ಕೈ ನಿಂದು, ಎಂದು ಹೊಗಳಿಯೂ ಆಗಿತ್ತು.

ಮಗಳು ಸ್ಪಂದನ ಕಾಲೇಜಿನಿಂದ ಬಂದಿದ್ದಳು. ಬಿ.ಕಾಂ. ಎರಡನೇ ವರ್ಷ.

"ಸ್ಪಂದನ, ಈ ಫ್ರಿಜ್ ಸದ್ದು ಮಾಡುತ್ತಾ?"

"ಮಾಡುತ್ತಲ್ಲಮ್ಮ. ಗುಂಯ್ ಅಂತ. ಯಾವಾಗ್ಲೂ ಮಾಡುತ್ತೆ."

ಕಲಾವತಿ ತಮ್ಮ ಹೆಡ್‌ಫೋನ್ ಹಾಕಿಕೊಂಡು, ಫೋನನ್ನು ಮಗಳ ಕೈಗೆ ಕೊಟ್ಟರು. "ನಾನು ಕಣ್ಣು ಮುಚ್ಚಿರ್ತೀನಿ. ಒಂದೊಂದೇ ಸ್ವರ ಹಾಕು. ಕೇಳಿದ್ರೆ ಬೆರಳು ಎತ್ತುತ್ತೀನಿ. ಯಾವ ಕಿವಿ, ಎಷ್ಟು ಹರ್ಟ್ಸ್, ಏನೂ ಹೇಳ್ಬೇಡ. ಬರ್ಕೊ ಅಷ್ಟೇ."

ಎತ್ತರದ ಸ್ವರಗಳಿಗೆಲ್ಲ ಬೆರಳು ಎದ್ದಿತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಮಗಳು ಮೊಬೈಲಿನಲ್ಲಿ ಬೇರೇನೋ ನೋಡುತ್ತಿದ್ದಾಳೆ ಎಂದುಕೊಂಡು ಕಲಾವತಿ ಕಣ್ಣು ತೆರೆದರು.

"ಹಾಕೇ, ಯಾಕೆ ನಿಲ್ಲಿಸ್ದೆ?"

ಸ್ಪಂದನ ಅವರನ್ನೇ ನೋಡುತ್ತಿದ್ದಳು. "ಅಮ್ಮ, ಆಗ್ಲಿಂದ ಬರ್ತಾ ಇದೆ. ನಂಗೆ ಇಲ್ಲಿಗೇ ಕೇಳ್ತಿದೆ."

ಎಡಗಿವಿ, ಅರವತ್ತು ಹರ್ಟ್ಸ್. ಮಗಳು ಅದನ್ನು ಬರೆದುಕೊಂಡಿರಲಿಲ್ಲ. ಕಲಾವತಿಯವರೇ ಫೋನ್ ನೋಡಿ ಬರೆದರು.

ವಿಜಯನಗರದ ಒಂದು ಕ್ಲಿನಿಕ್‌ನಲ್ಲಿ ಸರಿಯಾದ ಪರೀಕ್ಷೆ ಮಾಡಿಸಿದರು. ಪರೀಕ್ಷೆ ಮಾಡಿದವರು ಅನಂತಲಕ್ಷ್ಮಿ ಎಂಬ ಶ್ರವಣತಜ್ಞೆ, ಮಗಳಿಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ಗ್ರಾಫನ್ನು ಮೇಜಿನ ಮೇಲಿಟ್ಟು ವಿವರಿಸಹೊರಟರು. ಕಲಾವತಿ ಅದಕ್ಕೆ ಮುಂಚೆಯೇ ಓದಿ ಮುಗಿಸಿದ್ದರು. ಅವರು ಹದಿಮೂರು ವರ್ಷ ಅಂಥದೇ ಗೆರೆಗಳನ್ನು ನೋಡಿದವರು. ಸ್ಪೀಕರ್ ಆಗಿದ್ದರೆ ಪಕ್ಕಕ್ಕೆ ತೆಗೆದಿಡುತ್ತಿದ್ದರು. ತಗ್ಗು ಸ್ವರದಲ್ಲಿ ಎಡಗಿವಿ ತುಂಬ ಕುಸಿದಿತ್ತು; ಬಲಗಿವಿಯಲ್ಲೂ ಗೆರೆ ಬಾಗತೊಡಗಿತ್ತು.

ಒಳಗಿವಿಯಲ್ಲಿ ದ್ರವದ ಒತ್ತಡ ಹೆಚ್ಚಾಗುವ ಕಾಯಿಲೆ ಇರಬೇಕು, ಡಾಕ್ಟರ್ ಇನ್ನೊಂದೆರಡು ಪರೀಕ್ಷೆ ಮಾಡಿ ಖಚಿತ ಹೇಳುತ್ತಾರೆ, ಈಗಿನಿಂದಲೇ ಉಪ್ಪು ಕಡಿಮೆ ಮಾಡಿ ಎಂದರು ಅನಂತಲಕ್ಷ್ಮಿ. "ನೀವು ಏನ್ ಕೆಲಸ ಮಾಡ್ತೀರಿ ಮೇಡಂ?"

"ಹೋಂ ಥಿಯೇಟರ್ ಸೆಟ್ ಮಾಡ್ತೀನಿ. ಅದ್ರಲ್ಲೂ ವೂಫರ್."

ಅನಂತಲಕ್ಷ್ಮಿ ಗ್ರಾಫ್‌ನ ಅಂಚನ್ನು ನೆಟ್ಟಗೆ ಮಾಡಿದರು.

"ಎಷ್ಟು ಡೆಸಿಬೆಲ್ ಕಮ್ಮಿ ಕೇಳ್ತಿದೆ ಅಂತ ಗೊತ್ತಾದ್ರೆ ನಾನು ಅಷ್ಟು ಕಳೀಬಹುದಲ್ಲ," ಎಂದರು ಕಲಾವತಿ. "ಮೀಟರ್‌ನಲ್ಲಿ ದೋಷ ಇದ್ರೆ ಹಾಗೇ ಮಾಡ್ತೀವಿ. ದೋಷ ಎಷ್ಟು ಅಂತ ಗೊತ್ತಿದ್ರೆ ಅದು ದೋಷವೇ ಅಲ್ಲ."

"ಇದು ಒಂದೇ ಥರ ಇರಲ್ಲ ಮೇಡಂ. ಇವತ್ತು ಇಷ್ಟು, ನಾಳೆ ಸುಮಾರಾಗಿ ಸರಿ ಇರ್ಬಹುದು, ನಾಡಿದ್ದು ಇನ್ನೂ ಕಮ್ಮಿ. ಮುಂಚೆಯೇ ಹೇಳೋಕಾಗಲ್ಲ."

ನೋಟ್‌ಬುಕ್ಕಿನ ಅಂಚಿನಲ್ಲಿ ಐದರ ನಂತರ ಮೂರು, ಮೂರರ ನಂತರ ಏಳು ಯಾಕೆ ಬಂತು ಎಂಬುದು ಆಗ ಅವರಿಗೆ ತಿಳಿಯಿತು. ಸ್ಥಿರವಾದ ತಪ್ಪನ್ನು ಕಳೆಯಬಹುದು. ದಿನದಿನವೂ ಬದಲಾಗುವ ತಪ್ಪಿಗೆ ಸೂತ್ರವಿಲ್ಲ. ಇನ್ನು 'ಕಿವಿ' ಎಂಬ ಸಾಲಿನಲ್ಲಿ ಏನು ಬರೆದರೂ ಅದನ್ನು ನಂಬುವ ಹಾಗಿರಲಿಲ್ಲ. ಆ ಸಾಲು ಹೋದರೆ ತಮ್ಮನ್ನು ಕರೆಯುವವರು ಯಾರು ಎಂದು ಸ್ಕೂಟರ್ ನಿಲ್ಲಿಸಿದ್ದ ಜಾಗಕ್ಕೆ ಬರುವವರೆಗೂ ಯೋಚಿಸಿದರು. ಸ್ಕೂಟರ್ ಹತ್ತಲು ಧೈರ್ಯವಾಗಲಿಲ್ಲ. ಕೋಣೆ ತಿರುಗಿದ ಹಾಗೆ ರಸ್ತೆ ತಿರುಗಿದರೆ? ಆಟೊ ಹಿಡಿದು ಮನೆಗೆ ಹೋದರು.

ಹೇಳದೆ ಇರುವುದು ಸುಲಭವಿತ್ತು. ಭೈರೇಶ್ ಮನೆಗೆ ಹೋಗಿ ಗೇನ್ ಇಳಿಸಿ, ಕಿಟಕಿ ಪಕ್ಕ ಸರಿಯಾಗಲು ಸ್ವಲ್ಪ ಸಮಯ ಬೇಕಿತ್ತು ಎಂದು ಹೇಳಿ ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊಟ್ರಪ್ಪನಿಗೆ ನಿದ್ದೆ, ಭೈರೇಶ್‌ಗೆ ಸಿನಿಮಾ, ಕೆಂಗೇರಿಯ ಕೆಲಸವೂ ಕೈಯಲ್ಲಿ. ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತ ಹೆಂಗಸೊಬ್ಬರು ಮಾತ್ರ ಉಳಿಯುತ್ತಿದ್ದರು. ಕಲಾವತಿ ಅವರ ಮುಂದೆ ಲೆಕ್ಕ ಎಂಬ ಮಾತು ಆಡಿದ್ದರು. ಅವತ್ತು ಅದು ಲೆಕ್ಕವಾಗಿರಲಿಲ್ಲ. ಅಳೆದು ನೋಡದೆ ಹೇಳಿದ್ದು.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋದರು. ಭೈರೇಶ್ ಬಾಗಿಲು ತೆಗೆದರು.

"ಅಮ್ಮನ್ನೂ ಕರೀರಿ," ಎಂದರು ಕಲಾವತಿ. "ಇಬ್ಬರಿಗೂ ಒಟ್ಟಿಗೆ ಹೇಳ್ಬೇಕು."

ಲಕ್ಷ್ಮಿದೇವಮ್ಮ ಅಡುಗೆಮನೆಯ ಬಾಗಿಲವರೆಗೆ ಬಂದು ಅಲ್ಲೇ ನಿಂತರು. ಕಲಾವತಿ ಕಿವಿಯ ಗ್ರಾಫ್ ತೆಗೆದು ಟೀಪಾಯ್ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಮಗೆ ಬೇಸ್ ಕಡಿಮೆ ಕೇಳುತ್ತಿತ್ತು, ತಲೆಯೂ ತಿರುಗುತ್ತದೆ, ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ. ಅದಕ್ಕೇ ಏಳೆಂಟು ಡೆಸಿಬೆಲ್ ಹೆಚ್ಚಿಗೆ ಇಟ್ಟಿದ್ದರು. ತಪ್ಪು ಮೂಲೆಯದಲ್ಲ.

ಭೈರೇಶ್ ಗ್ರಾಫ್ ಎತ್ತಿಕೊಂಡು, ತಿಳಿಯದೆ, ಮತ್ತೆ ಇಟ್ಟರು. "ಕಿವಿ ಕೇಳಲ್ವಾ ಮೇಡಂ? ನಾವು ಮಾತಾಡೋದು ಕೇಳ್ತಿದೆಯಲ್ಲ."

"ಮಾತು ಕೇಳುತ್ತೆ. ಬೇಸ್ ಕೇಳಲ್ಲ."

ಲಕ್ಷ್ಮಿದೇವಮ್ಮ ನಿಧಾನವಾಗಿ ಹೇಳಿದರು. "ಅವತ್ತು ಲೆಕ್ಕ ಅಂದೆ. ಇವತ್ತು ಕಿವಿ ಅಂತೀಯ. ನಾಳೆ ಬಂದು ಇನ್ನೇನಂತೀಯಮ್ಮ? ನನ್ನ ಮಗ ನಿನ್ನ ಮಾತು ಕೇಳಿ ನನ್ನ ಮೇಲೆ ಕೂಗಾಡಿದ. ಯಜಮಾನ್ರು ಹೋದ್ಮೇಲೆ ಈ ಮನೇಲಿ ಯಾರೂ ನನ್ನ ಮೇಲೆ ದನಿ ಎತ್ತಿರ್ಲಿಲ್ಲ."

ಭೈರೇಶ್ ತಲೆ ತಗ್ಗಿಸಿದರು. "ತಪ್ಪಾಯ್ತು ಅಮ್ಮ," ಎಂದರು ಕಲಾವತಿ. "ಇವತ್ತು ಅಳೆದೇ ಹೇಳ್ತೀನಿ. ಏನ್ ಬರುತ್ತೋ ಅದನ್ನೇ."

ಈ ಸಲ ಅವರು ಕಿವಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗೇನನ್ನು ಮೀಟರ್ ಎಪ್ಪತ್ತೈದು ತೋರಿಸುವ ಕಡೆ ನಿಲ್ಲಿಸಿ, ಸೋಫಾದ ನಾಲ್ಕು ಜಾಗದಲ್ಲೂ ಅಳೆದು ಸರಾಸರಿ ತೆಗೆದರು. ಫೇಸ್ ಸ್ವಿಚ್ಚನ್ನು ಎರಡು ಕಡೆಗೂ ಒತ್ತಿ, ಭೈರೇಶ್‌ರನ್ನು ಕೇಳಿದರು, ಮೀಟರನ್ನೂ ನೋಡಿದರು. ಎರಡೂ ಒಂದೇ ಕಡೆ ಹೇಳಿದವು. ಆಮೇಲೆ ಮೀಟರ್ ಹಿಡಿದು ಕೆಳಗಿನ ಮನೆಗೆ ಹೋದರು. ಕೊಟ್ರಪ್ಪ ವಾರದ ರಜೆಗೆ ಊರಿಗೆ ಹೋಗಿದ್ದ. ಭಾಗವ್ವ ಹಾಸಿಗೆಯ ಅಂಚಿಗೆ ಕೂತಳು. ಮೇಲಿನಿಂದ ಭೈರೇಶ್ ಸಿನಿಮಾದ ಒಂದೇ ತುಣುಕನ್ನು ಮತ್ತೆ ಮತ್ತೆ ಹಾಕಿದರು: ಮೊದಲು ವೂಫರ್ ಕಿಟಕಿ ಪಕ್ಕ, ಆಮೇಲೆ ನೈಋತ್ಯ ಮೂಲೆಯಲ್ಲಿ, ಕೊನೆಗೆ ಅದೇ ಮೂಲೆಯಲ್ಲಿ ಕಲಾವತಿ ತಂದಿದ್ದ ದಪ್ಪ ರಬ್ಬರ್ ಪ್ಯಾಡ್ ಮೇಲೆ.

"ಈಗ?" ಎಂದು ಕೇಳುತ್ತಿದ್ದರು ಕಲಾವತಿ.

"ಬಂತ್ರಿ, ಸಣ್ಣಂಗ."

"ಈಗ?"

"ಮೊದಲಿನಕ್ಕಿಂತ ಒಂಚೂರು ಹೆಚ್ಚಾತ್ರಿ."

"ಈಗ?"

ಭಾಗವ್ವ ಸ್ಟ್ಯಾಂಡಿನ ತಟ್ಟೆಗೆ ಕೈ ಇಟ್ಟು ನೋಡಿದಳು. "ಶುರು ಮಾಡ್ಯಾರೇನ್ರಿ?" ಎಂದಳು. ಮೀಟರ್ ನೋಡಿದ ಕಲಾವತಿಗೆ ಶುರುವಾಗಿದೆ ಎಂದು ತಿಳಿದಿತ್ತು. ಅವರಿಗಂತೂ ಮೂರು ಸಲವೂ ಏನೂ ಕೇಳಿರಲಿಲ್ಲ.

ಮೇಲೆ ಬಂದು ಹೇಳಿದರು. "ಮೂಲೆಗೂ ಕಿಟಕಿ ಪಕ್ಕಕ್ಕೂ ಕೆಳಗಿನ ಕೋಣೇಲಿ ಎರಡು ಡೆಸಿಬೆಲ್ ವ್ಯತ್ಯಾಸ. ಪ್ಯಾಡ್ ಹಾಕಿದ್ರೆ ಕಿಟಕಿ ಪಕ್ಕಕ್ಕಿಂತಲೂ ಕಮ್ಮಿ. ನಾನು ಸೇರಿಸಿದ್ದು ಏಳೆಂಟು. ಎಲ್ಲಿ ಇಡ್ಬೇಕು ಅಂತ ಅಮ್ಮ ಹೇಳಿದ್ರೆ ಸಾಕು."

ಲಕ್ಷ್ಮಿದೇವಮ್ಮ ಮೂಲೆಯ ಕಡೆ ಕೈ ತೋರಿಸಿದರು. ವೂಫರ್ ನೈಋತ್ಯದಲ್ಲೇ ಉಳಿಯಿತು. ಭೈರೇಶ್ ಒಂದು ಸಿನಿಮಾ ಹಾಕಿ ಐದು ನಿಮಿಷ ನೋಡಿ, "ಸ್ವಲ್ಪ ಸಪ್ಪೆ ಅನ್ಸುತ್ತೆ ಮೇಡಂ, ಹಳೇದೇ ಅಭ್ಯಾಸ ಆಗಿತ್ತಲ್ಲ," ಎಂದರು. "ಹದಿನೈದು ದಿನ ಹೀಗೇ ಕೇಳಿ," ಎಂದರು ಕಲಾವತಿ. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುವಾಗ ಭೈರೇಶ್ ಹಿಂದೆಯೇ ಬಂದರು.

"ಮೇಡಂ, ಕೆಂಗೇರಿದು... ಸ್ವಲ್ಪ ದಿನ ಬಿಟ್ಟು ನೋಡೋಣ. ನೀವು ಮೊದ್ಲು ಆರೋಗ್ಯ ನೋಡ್ಕೊಳ್ಳಿ."

"ಆಗ್ಲಿ," ಎಂದರು ಕಲಾವತಿ.

ಲಕ್ಷ್ಮಿದೇವಮ್ಮ ಮಜ್ಜಿಗೆ ಲೋಟ ಹಿಡಿದು ಬಂದರು. "ಉಪ್ಪು ಹಾಕಿಲ್ಲ," ಎಂದಷ್ಟೇ ಹೇಳಿ ಕೊಟ್ಟರು. ಕಲಾವತಿ ನಿಂತೇ ಕುಡಿದರು. ಲೋಟ ವಾಪಸ್ ತೆಗೆದುಕೊಳ್ಳುವಾಗ ಮುದುಕಿ, "ಬಸ್ಸಲ್ಲಿ ಹೋಗ್ತೀಯಾ? ನಿಂತ್ಕೊಂಡು ಹೋಗ್ಬೇಡ, ಸೀಟ್ ಇರೋ ಬಸ್ಸಿಗೇ ಹತ್ತು," ಎಂದರು.

ಮನೆಗೆ ಬಂದ ಮೇಲೆ ಕಲಾವತಿ ನೋಟ್‌ಬುಕ್ಕನ್ನು ಕಳೆದ ಆಗಸ್ಟ್‌ನ ಪುಟಕ್ಕೆ ತೆರೆದರು. ಅಂಚಿನಲ್ಲಿ ಮೂರು ಅಥವಾ ಹೆಚ್ಚು ಇರುವ ಮನೆಗಳನ್ನು ಎಣಿಸಿದರು. ಏಪ್ರಿಲ್ ನಂತರದವೂ ಸೇರಿ, ಭೈರೇಶ್ ಮನೆ ಬಿಟ್ಟು ಹನ್ನೊಂದು. ಯಾರೂ ದೂರು ಹೇಳಿರಲಿಲ್ಲ. ಸ್ಪಂದನ ಪಕ್ಕದಲ್ಲಿ ನಿಂತು ಪಟ್ಟಿ ನೋಡಿದಳು.

"ಎಲ್ಲರಿಗೂ ಹೇಳ್ತೀಯಾಮ್ಮ? ಆಮೇಲೆ ಯಾರೂ ಕರೆಯಲ್ಲ."

"ಕರೀದೆ ಇರ್ಬಹುದು."

ಮೊದಲ ಹೆಸರು ರಾಜಾಜಿನಗರದ ಜೀವನ್. ಬ್ಯಾಂಕಿನಲ್ಲಿ ಕೆಲಸ, ಎರಡನೇ ಮಹಡಿಯಲ್ಲಿ ಮನೆ. ಫೋನನ್ನು ಬಲಗಿವಿಗೆ ಹಿಡಿದು ವಿಷಯ ಹೇಳಿದರು. ಜೀವನ್ ನಕ್ಕರು.

"ಏನ್ ಮೇಡಂ ನೀವು, ಸೂಪರಾಗಿದೆ ನಮ್ಮನೇಲಿ. ಬಂದವರೆಲ್ಲ ಬೇಸ್ ಅಂದ್ರೆ ಇದು ಅಂತಾರೆ. ಅದನ್ನ ಮುಟ್ಟೋಕೆ ನಾನು ಬಿಡಲ್ಲ."

"ಇರ್ಬಹುದು ಸಾರ್. ಆದ್ರೂ ಅದು ಮೂರು ಡೆಸಿಬೆಲ್ ಜಾಸ್ತಿ ಇದೆ. ನಾನೇ ಜಾಸ್ತಿ ಇಟ್ಟಿದ್ದು."

"ನಮಗೆ ಇಷ್ಟ ಅಂದ್ಮೇಲೆ ಮುಗೀತಲ್ಲ ಮೇಡಂ?"

"ನಿಮ್ಮ ಕೆಳಗಡೆ ಯಾರಿದಾರೆ ಸಾರ್?"

"ಕೆಳಗಡೆನಾ? ಯಾರೋ ಬಾಡಿಗೆಗೆ ಇದಾರೆ. ಮಾತಾಡ್ಸಿಲ್ಲ. ಯಾಕೆ?"

"ಅವರನ್ನ ಒಂದ್ಸಲ ಕೇಳ್ಬೇಕು. ನಾಳೆ ಸಂಜೆ ಏಳು ಗಂಟೆಗೆ ಬರ್ತೀನಿ, ಮೊದ್ಲು ಅವರ ಮನೆಗೇ ಹೋಗ್ತೀನಿ. ಆಮೇಲೆ ನಿಮ್ಮನೆಗೆ."

ಜೀವನ್ ಏನೋ ಹೇಳಿದರು, ಒಪ್ಪಿಗೆಯೋ ಬೇಸರವೋ ಸ್ಪಷ್ಟವಾಗಲಿಲ್ಲ. ಕಲಾವತಿ ಫೋನ್ ಇಟ್ಟು, ಹೆಸರಿನ ಮುಂದೆ ಸೋಮವಾರ, ಸಂಜೆ ಏಳು ಗಂಟೆ ಎಂದು ಬರೆದು, ಎರಡನೆಯ ನಂಬರ್ ಒತ್ತಿದರು.